ಬಾಂಗ್ಲಾ ಗಡಿ, ಬೇಲಿ, ಗಡೀಪಾರು: ಟಿವಿ ಚರ್ಚೆ ಬಿಟ್ಟು ನಿಜವಾಗಿ ನಡೆಯುವುದೇನು?

ತೋಟದಮನೆ:

ಕಾಫಿ ಕೊಯ್ಲು ಶುರುವಾಗುತ್ತಿದ್ದಂತೆ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ತೋಟಗಳಿಗೆ ಅಸ್ಸಾಂ, ಪಶ್ಚಿಮ ಬಂಗಾಳದ ಆಳುಗಳು ಬರುತ್ತಾರೆ. ಅವರ ಬೆನ್ನಿಗೇ "ಇವರೆಲ್ಲ ಬಾಂಗ್ಲಾದವರು" ಅನ್ನುವ ಮಾತೂ ಬರುತ್ತದೆ. ಒಂದು ಕಡೆಯವರು ಗಡಿ ಕಾಯುವುದು ಕೇಂದ್ರದ ಕೆಲಸ, ಬಿಎಸ್‌ಎಫ್ ಏನು ಮಾಡುತ್ತಿದೆ ಅಂತ ಕೇಳುತ್ತಾರೆ. ಇನ್ನೊಂದು ಕಡೆಯವರು ರಾಜ್ಯ ಸರ್ಕಾರಗಳು ಬೇಲಿಗೆ ಜಾಗ ಕೊಡುವುದಿಲ್ಲ, ಓಟಿಗಾಗಿ ಕಾರ್ಡು ಮಾಡಿಸಿಕೊಡುತ್ತವೆ ಅನ್ನುತ್ತಾರೆ. ಎರಡನ್ನೂ ವರ್ಷಾನುಗಟ್ಟಲೆ ಕೇಳಿದರೂ ವಿಷಯ ತಲೆಗೆ ಹತ್ತಿಲ್ಲ.

ಕೇಳಬೇಕಾದದ್ದು ಮೂರು. ಬೇಲಿ ಇಷ್ಟು ವರ್ಷವಾದರೂ ಯಾಕೆ ಮುಗಿದಿಲ್ಲ? ಬಂಗಾಳಿ ಮಾತಾಡುವ ಒಬ್ಬ ಮನುಷ್ಯ ಈ ಕಡೆಯವನೋ ಆ ಕಡೆಯವನೋ ಎಂದು ಇಲ್ಲಿನ ಒಂದು ಪೊಲೀಸ್ ಠಾಣೆಯಲ್ಲಿ ತೀರ್ಮಾನಿಸಲು ಆಗುತ್ತದೆಯೇ, ಆಗುವುದಾದರೆ ಯಾವ ಕಾಗದ ನೋಡಿ? ವಿದೇಶಿ ಎಂದು ಖಾತ್ರಿಯಾದ ಮೇಲೂ ಜನ ವರ್ಷಗಟ್ಟಲೆ ಇಲ್ಲೇ ಉಳಿಯುವುದು ಯಾಕೆ? ಯಾವ ಪಕ್ಷದವರಾದರೂ ಸರಿ, ಗೊತ್ತಿರುವವರು ವಿವರವಾಗಿ ಹೇಳಿ.

ಉತ್ತರಬಂಗಾಳ:

ಬೇಲಿಯ ಬಗ್ಗೆ ಮಾತ್ರ ಹೇಳುತ್ತೇನೆ, ಕಾನೂನು ಬಲ್ಲವರು ಉಳಿದದ್ದನ್ನು ಹೇಳಲಿ.

ಭಾರತ–ಬಾಂಗ್ಲಾದೇಶ ಗಡಿಯ ಉದ್ದ 4,096.7 ಕಿ.ಮೀ. ಅರ್ಧಕ್ಕೂ ಹೆಚ್ಚು, ಅಂದರೆ 2,216.7 ಕಿ.ಮೀ., ಪಶ್ಚಿಮ ಬಂಗಾಳ ಒಂದರಲ್ಲೇ ಇದೆ. ತ್ರಿಪುರಾ 856, ಮೇಘಾಲಯ 443, ಮಿಜೋರಾಂ 318. ರಾಜಕೀಯವಾಗಿ ಅತಿ ಹೆಚ್ಚು ಸದ್ದು ಮಾಡಿದ ಅಸ್ಸಾಂನ ಪಾಲು ಬರೀ 263 ಕಿ.ಮೀ. 2025ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಸಂಸತ್ತಿಗೆ ಕೊಟ್ಟ ಲೆಕ್ಕದ ಪ್ರಕಾರ 3,232 ಕಿ.ಮೀ. ಬೇಲಿ ಆಗಿದೆ, 864 ಕಿ.ಮೀ. ಬಾಕಿ. ಆ ಬಾಕಿಯಲ್ಲಿ 174 ಕಿ.ಮೀ. ಬೇಲಿ ಹಾಕಲು ಸಾಧ್ಯವೇ ಇಲ್ಲದ ಜಾಗ: ನದಿ, ಜೌಗು, ಕುಸಿಯುವ ದಡ. ಹಾಗಾಗಿ "ಪೂರ್ತಿ ಗಡಿಗೆ ಬೇಲಿ" ಎಂದು ಯಾರೇ ಭಾಷಣ ಮಾಡಿದರೂ ನಂಬಬೇಡಿ. ಮಾತು ನಡೆಯಬೇಕಾದದ್ದು ಉಳಿದ 690 ಕಿ.ಮೀ. ಬಗ್ಗೆ.

ಅದು ಮುಗಿಯದಿರುವುದಕ್ಕೆ ಕಾರಣ ಹುಡುಕಿದರೆ ಮೊದಲು ಸಿಗುವುದು 150 ಗಜ. 1975ರಲ್ಲಿ ಎರಡೂ ದೇಶಗಳು ಒಪ್ಪಿಕೊಂಡ ಗಡಿ ನಿಯಮದಂತೆ ಶೂನ್ಯ ರೇಖೆಯಿಂದ (ಅಸಲಿ ಗಡಿರೇಖೆಯಿಂದ) 150 ಗಜದೊಳಗೆ, ಎಂದರೆ ಸುಮಾರು 137 ಮೀಟರಿನೊಳಗೆ, ಯಾರೂ ರಕ್ಷಣಾ ಕಟ್ಟಡ ಕಟ್ಟುವಂತಿಲ್ಲ. ಬೇಲಿಯೂ ರಕ್ಷಣಾ ಕಟ್ಟಡವೇ ಎಂಬುದು ಬಾಂಗ್ಲಾದೇಶದ ವಾದ, ಅಲ್ಲ ಎಂಬುದು ನಮ್ಮ ವಾದ. ಜಗಳ ತಪ್ಪಿಸಲು ಹೆಚ್ಚಿನ ಕಡೆ ಬೇಲಿಯನ್ನು ರೇಖೆಯಿಂದ 150 ಗಜ ಹಿಂದಕ್ಕೆ, ನಮ್ಮ ನೆಲದಲ್ಲೇ ಹಾಕಿದ್ದಾರೆ. ಆದರೆ ಬಂಗಾಳದಲ್ಲಿ ಗಡಿ ಬಯಲಿನಲ್ಲಿ ಹಾದುಹೋಗುವುದಿಲ್ಲ, ಊರೊಳಗೇ ಹಾದುಹೋಗುತ್ತದೆ. ದಕ್ಷಿಣ ದಿನಾಜಪುರದ ಹಿಲಿಯಲ್ಲಿ ಗಡಿರೇಖೆ ಬಾಂಗ್ಲಾದೇಶದ ರೈಲು ಹಳಿಯ ಪಕ್ಕದಲ್ಲೇ ಇದೆ, ಮನೆಗಳು ಅದಕ್ಕೆ ಆತುಕೊಂಡಿವೆ. ಅಂಥ ಕಡೆ 150 ಗಜ ಹಿಂದಕ್ಕೆ ಸರಿದರೆ ಅರ್ಧ ಊರು ಬೇಲಿಯ ಆಚೆ ಬೀಳುತ್ತದೆ. ಸರಿಯದೆ ರೇಖೆಯ ಹತ್ತಿರವೇ ಒಂದೇ ಸಾಲಿನ ಬೇಲಿ ಹಾಕಲು ಹೋದರೆ ಆ ಕಡೆಯ ಗಡಿ ಕಾವಲು ಪಡೆ ಬಿಜಿಬಿ ಬಂದು ಕೆಲಸ ನಿಲ್ಲಿಸುತ್ತದೆ. 2025ರ ಜನವರಿಯಲ್ಲಿ ಮಾಲ್ಡಾ ಜಿಲ್ಲೆಯ ಸುಕ್‌ದೇವ್‌ಪುರದಲ್ಲಿ ಹೀಗೇ ಆಗಿ, ಜನವರಿ 12ರಂದು ಢಾಕಾದಲ್ಲಿ ನಮ್ಮ ಹೈಕಮಿಷನರ್ ಅವರನ್ನು ಕರೆಸಿದರು, ಮರುದಿನ ದೆಹಲಿಯಲ್ಲಿ ಅವರ ಉಪ ಹೈಕಮಿಷನರ್ ಅವರನ್ನು ಕರೆಸಲಾಯಿತು.

ಬೇಲಿಯ ಆಚೆ ಬಿದ್ದ ಭಾರತೀಯ ರೈತರ ಪಾಡನ್ನು ಇಲ್ಲಿಯ ಚರ್ಚೆಗಳಲ್ಲಿ ಯಾರೂ ಎತ್ತುವುದಿಲ್ಲ. ಗದ್ದೆ ಆಚೆ, ಮನೆ ಈಚೆ. ನಡುವೆ ಬೀಗ ಹಾಕಿದ ಗೇಟು. ಗೊತ್ತುಪಡಿಸಿದ ಹೊತ್ತಿಗೆ ಜವಾನ ಗೇಟು ತೆರೆದಾಗ ಗುರುತಿನ ಚೀಟಿ ಕೊಟ್ಟು, ರಿಜಿಸ್ಟರಿನಲ್ಲಿ ಹೆಸರು ಬರೆಸಿ ಹೋಗಬೇಕು, ಮುಚ್ಚುವ ಹೊತ್ತಿಗೆ ವಾಪಸ್ ಬಂದು ಚೀಟಿ ತೆಗೆದುಕೊಳ್ಳಬೇಕು. ಸೆಣಬು ಆಳೆತ್ತರ ಬೆಳೆದು ಕಾವಲಿಗೆ ಮರೆಯಾಗುತ್ತದೆಂದು ಬೇಲಿಯ ಹತ್ತಿರ ಅದನ್ನು ಬೆಳೆಯಲು ಬಿಎಸ್‌ಎಫ್ ಆಕ್ಷೇಪಿಸುತ್ತದೆ. ಮಧ್ಯಾಹ್ನ ಹಾವು ಕಚ್ಚಿದರೆ, ಎತ್ತು ಬಿದ್ದರೆ, ಮಳೆ ಬಂದು ರಾಶಿ ನೆನೆದರೆ ಗೇಟಿನ ಸಮಯ ಕಾಯಬೇಕು. ಇದನ್ನು ನೋಡಿದ ಪಕ್ಕದ ಊರಿನವರು ತಮ್ಮ ಜಮೀನಿನ ಸರದಿ ಬಂದಾಗ ಒಪ್ಪಿಗೆ ಕೊಡಲು ಹಿಂಜರಿಯುವುದು ಸಹಜ. ಭೂಸ್ವಾಧೀನ ತಡವಾಗುವುದಕ್ಕೆ ಕೋಲ್ಕತ್ತಾದ ರಾಜಕೀಯವೂ ಕಾರಣ, ಈ ಗೇಟೂ ಕಾರಣ. ಬೇಲಿಗೆ ದುಡ್ಡು ಕೇಂದ್ರದ್ದು, ಜಾಗ ಬಿಡಿಸಿಕೊಡಬೇಕಾದದ್ದು ರಾಜ್ಯದ ಜಿಲ್ಲಾಡಳಿತ. ಇಬ್ಬರೂ ಒಬ್ಬರ ಕಡೆಗೊಬ್ಬರು ಬೆರಳು ತೋರಿಸಲು ಬೇಕಾದಷ್ಟು ಅವಕಾಶ ಆ ಏರ್ಪಾಟಿನಲ್ಲೇ ಇದೆ.

ನದಿಯ ಕಥೆ ಬೇರೆ. ಅಸ್ಸಾಂನ ಧುಬ್ರಿಯಲ್ಲಿ ಬ್ರಹ್ಮಪುತ್ರ ಬಾಂಗ್ಲಾದೇಶಕ್ಕೆ ಇಳಿಯುವ ಕಡೆ 61 ಕಿ.ಮೀ. ಗಡಿ ನೀರು ಮತ್ತು ಮರಳುದಿಬ್ಬಗಳ ಮೇಲೆಯೇ ಇದೆ. ಆ ದಿಬ್ಬಗಳಿಗೆ ಅಲ್ಲಿ ಚರ್ ಅನ್ನುತ್ತಾರೆ. ಈ ವರ್ಷ ಇದ್ದ ಚರ್ ಮುಂದಿನ ಪ್ರವಾಹಕ್ಕೆ ಇರುವುದಿಲ್ಲ, ಕಂಬ ನೆಡುವುದೆಲ್ಲಿ? ಅದಕ್ಕೇ 2019ರ ಮಾರ್ಚ್‌ನಲ್ಲಿ ಅಲ್ಲಿ ಕ್ಯಾಮೆರಾ, ಸೆನ್ಸರ್, ಥರ್ಮಲ್ ಉಪಕರಣಗಳ ವ್ಯವಸ್ಥೆ ಶುರು ಮಾಡಿದರು. ಒಳ್ಳೆಯದೇ. ಆದರೆ ಸೆನ್ಸರ್ ಕೂಗಿ ಹೇಳುತ್ತದೆ ಅಷ್ಟೆ, ಕತ್ತಲಲ್ಲಿ ದೋಣಿ ಬಿಟ್ಟುಕೊಂಡು ಹೋಗಿ ಹಿಡಿಯಬೇಕಾದವನು ಮನುಷ್ಯ.

ಬೇಲಿ ಇರುವ ಕಡೆಯೂ ಅದು ಜನರನ್ನು ತಡೆಯುವುದಿಲ್ಲ, ನಿಧಾನ ಮಾಡುತ್ತದೆ. ತಂತಿ ಕತ್ತರಿಸಲು, ಬಿದಿರೇಣಿ ಇಡಲು ಹಿಡಿಯುವ ಸಮಯದಲ್ಲಿ ಗಸ್ತಿನವರು ತಲುಪಬೇಕು ಎಂಬುದು ಅದರ ಲೆಕ್ಕ. ಗಸ್ತು ತೆಳುವಾದರೆ ಬೇಲಿ ಬರೀ ಕಬ್ಬಿಣ. ಅದರ ಕ್ರೂರ ಮುಖವನ್ನೂ ಹೇಳಬೇಕು: 2011ರ ಜನವರಿ 7ರಂದು ಕೂಚ್‌ಬೆಹಾರ್ ಗಡಿಯಲ್ಲಿ ಬೇಲಿ ದಾಟಿ ತನ್ನ ಊರಿಗೆ ಮರಳುತ್ತಿದ್ದ 15 ವರ್ಷದ ಬಾಂಗ್ಲಾದೇಶದ ಹುಡುಗಿ ಗುಂಡೇಟು ತಿಂದು, ಬಟ್ಟೆ ಮುಳ್ಳುತಂತಿಗೆ ಸಿಕ್ಕಿ, ಅಲ್ಲೇ ಜೋತುಬಿದ್ದು ಸತ್ತಳು. ಅವಳು ಒಳಗೆ ನುಸುಳುತ್ತಿರಲಿಲ್ಲ, ಹೊರಗೆ ಹೋಗುತ್ತಿದ್ದಳು.

ಕಲಂ_ಮೂರು:

ಎರಡನೇ ಪ್ರಶ್ನೆಗೆ ಉತ್ತರಿಸುತ್ತೇನೆ. ಉದ್ದವಾಗುತ್ತದೆ, ಯಾಕೆಂದರೆ ಎಲ್ಲ ಅನಾಹುತವೂ ಇಲ್ಲೇ ಆಗುವುದು.

ಭಾರತದಲ್ಲಿ ಹುಟ್ಟಿನಿಂದ ಬರುವ ಪೌರತ್ವವನ್ನು 1955ರ ಪೌರತ್ವ ಕಾಯ್ದೆಯ 3ನೇ ಕಲಂ ಹುಟ್ಟಿದ ದಿನಾಂಕದ ಮೇಲೆ ಮೂರು ಭಾಗ ಮಾಡುತ್ತದೆ. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುಂಚೆ ಇಲ್ಲಿ ಹುಟ್ಟಿದವರಿಗೆ ಹುಟ್ಟಿದ ಜಾಗವೇ ಸಾಕು, ಅಪ್ಪ ಅಮ್ಮ ಯಾರೆಂದು ಕೇಳುವುದಿಲ್ಲ. ಅಲ್ಲಿಂದ 2004ರ ಡಿಸೆಂಬರ್ 3ಕ್ಕೆ ಮುಂಚೆ ಹುಟ್ಟಿದವರಿಗೆ ತಂದೆ ತಾಯಿಯಲ್ಲಿ ಒಬ್ಬರು ಭಾರತೀಯರಾಗಿರಬೇಕು. ಅದಾದ ಮೇಲೆ ಹುಟ್ಟಿದವರಿಗೆ ಒಬ್ಬರು ಭಾರತೀಯರಾಗಿದ್ದು, ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಹಾಗಾಗಿ ತೋಟಕ್ಕೆ ಬಂದ 45 ವರ್ಷದವನಿಗೂ 19 ವರ್ಷದ ಅವನ ಮಗನಿಗೂ ಬೇಕಾಗುವ ಕಾಗದ ಒಂದೇ ಅಲ್ಲ. ತನಿಖೆ ಮಾಡುವವರು ಮೊದಲು ಕೇಳಬೇಕಾದದ್ದು ಹುಟ್ಟಿದ ವರ್ಷ. ಬಹಳ ಸಲ ಮೊದಲು ಕೇಳುವುದು ಆಧಾರ್.

ಆಧಾರ್‌ನಿಂದ ಪೌರತ್ವ ಸಾಬೀತಾಗುವುದಿಲ್ಲ. ಆಧಾರ್ ಕಾಯ್ದೆಯ 9ನೇ ಕಲಂ ಅದನ್ನೇ ಹೇಳುತ್ತದೆ. 12 ತಿಂಗಳಲ್ಲಿ 182 ದಿನ ಇಲ್ಲಿ ವಾಸವಿದ್ದ ವಿದೇಶಿಯೂ ಕಾನೂನುಬದ್ಧವಾಗಿಯೇ ಅದನ್ನು ಪಡೆಯಬಹುದು. ಪ್ಯಾನ್ ಕಾರ್ಡೂ ಹಾಗೇ. ಮತದಾರರ ಚೀಟಿಗೆ ಸ್ವಲ್ಪ ತೂಕ ಜಾಸ್ತಿ, ಆದರೆ ಅದೊಂದೇ ಇದ್ದರೆ ಸಾಲದು ಎಂದು ಹೈಕೋರ್ಟುಗಳು ಹೇಳಿವೆ. ಗಟ್ಟಿ ನಿಲ್ಲುವುದು ಪಾಸ್‌ಪೋರ್ಟ್, ಹುಟ್ಟಿದ ಕಾಲದಲ್ಲೇ ನೋಂದಾಯಿಸಿದ ಜನನ ಪ್ರಮಾಣಪತ್ರ, ತಂದೆ ಅಥವಾ ಅಜ್ಜನ ಹೆಸರಿರುವ ಹಳೆಯ ಮತದಾರರ ಪಟ್ಟಿ, ಜಮೀನಿನ ದಾಖಲೆ. ನಮ್ಮಲ್ಲಿ ಪಹಣಿ ಇರುವಂತೆ ಬಂಗಾಳದಲ್ಲಿ ಖತಿಯಾನ್, ಅಸ್ಸಾಂನಲ್ಲಿ ಜಮಾಬಂದಿ ಅನ್ನುತ್ತಾರೆ. ಬಡ ಕೂಲಿಯವನ ಹತ್ತಿರ ಪಾಸ್‌ಪೋರ್ಟ್ ಇರುವುದಿಲ್ಲ, ಜಮೀನಿರುವುದಿಲ್ಲ, ಹುಟ್ಟಿದ್ದು ಮನೆಯಲ್ಲಿ. ಉಳಿಯುವುದು ಮತದಾರರ ಪಟ್ಟಿ ಒಂದೇ.

ಸಾಬೀತು ಮಾಡುವ ಹೊರೆ ಯಾರ ಮೇಲೆ ಎಂಬುದು ಮುಂದಿನ ಗಂಟು. ಸಾಮಾನ್ಯ ಕ್ರಿಮಿನಲ್ ಕೇಸಿನಲ್ಲಿ ಪೊಲೀಸರು ಸಾಬೀತು ಮಾಡಬೇಕು. ಇಲ್ಲಿ ಉಲ್ಟಾ. 1946ರ ವಿದೇಶಿಯರ ಕಾಯ್ದೆಯ 9ನೇ ಕಲಂ "ನಾನು ವಿದೇಶಿ ಅಲ್ಲ" ಎಂದು ತೋರಿಸುವ ಹೊರೆಯನ್ನು ಆ ವ್ಯಕ್ತಿಯ ಮೇಲೆ ಹಾಕಿತ್ತು. 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆ ಹಳೆಯ ನಾಲ್ಕು ಕಾನೂನುಗಳನ್ನು ತೆಗೆದುಹಾಕಿದರೂ ಈ ಹೊರೆಯನ್ನು ಹಾಗೇ ಉಳಿಸಿಕೊಂಡಿದೆ. ಆದರೆ 2024ರ ಜುಲೈ 11ರಂದು ಅಸ್ಸಾಂನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಗೆರೆ ಎಳೆದಿದೆ: ಹೊರೆ ಅವನ ಮೇಲಿದೆ ಅಂದ ಮಾತ್ರಕ್ಕೆ ಯಾವ ಆಧಾರವೂ ಇಲ್ಲದೆ ಯಾರನ್ನಾದರೂ ಹಿಡಿದು "ಸಾಬೀತು ಮಾಡು" ಅನ್ನುವಂತಿಲ್ಲ. ಸಂಶಯಕ್ಕೆ ಏನಾದರೂ ಸಾಮಗ್ರಿ ಇರಬೇಕು, ಅದನ್ನು ಅವನಿಗೂ ಕೊಡಬೇಕು. ಹೆಸರಿನ ಕಾಗುಣಿತ, ದಿನಾಂಕಗಳಲ್ಲಿನ ಸಣ್ಣ ವ್ಯತ್ಯಾಸವನ್ನೇ ದೊಡ್ಡದು ಮಾಡುವಂತಿಲ್ಲ ಎಂದೂ ಹೇಳಿದೆ.

ಕಾಗುಣಿತದ ಮಾತು ಸಣ್ಣದಲ್ಲ. ಬಂಗಾಳಿ ಮುಸ್ಲಿಂ ಹೆಣ್ಣುಮಗಳ ಹೆಸರು ಬದುಕಿನ ಜೊತೆ ಬದಲಾಗುತ್ತದೆ: ಮದುವೆಗೆ ಮುಂಚೆ ರಹೀಮಾ ಖಾತುನ್, ಮದುವೆಯಾದ ಮೇಲೆ ರಹೀಮಾ ಬೀಬಿ, ಗಂಡ ತೀರಿಕೊಂಡ ಮೇಲೆ ರಹೀಮಾ ಬೇವಾ. ಮೂರು ಕಾಗದದಲ್ಲಿ ಮೂರು ಹೆಸರು. ಇದನ್ನರಿಯದ ಅಧಿಕಾರಿಗೆ ಅದು ಮೂವರ ದಾಖಲೆ, ಅಥವಾ ನಕಲಿ. ಭಾಷೆ ನೋಡಿ ಹೇಳುತ್ತೇವೆ ಅನ್ನುವವರೂ ಇದ್ದಾರೆ. ನೀರಿಗೆ "ಜಲ್" ಅಂದರೆ ನಮ್ಮವರು, "ಪಾನಿ" ಅಂದರೆ ಬಾಂಗ್ಲಾದವರು ಎಂಬ ಒಂದು ಪರೀಕ್ಷೆ ಚಾಲ್ತಿಯಲ್ಲಿದೆ. ಮುರ್ಷಿದಾಬಾದ್, ಮಾಲ್ಡಾದ ಮುಸ್ಲಿಮರು ತಲೆಮಾರುಗಳಿಂದ ಪಾನಿ ಅನ್ನುವವರೇ. ಅಸ್ಸಾಂನ ಬರಾಕ್ ಕಣಿವೆಯ ಸಿಲ್ಹೆಟಿ ಮಾತು ಗಡಿಯಾಚೆಯ ಸಿಲ್ಹೆಟ್‌ನದೇ ಮಾತು. ಕಾಸರಗೋಡಿನವರ ಕನ್ನಡ ಕೇಳಿ ಯಾವ ರಾಜ್ಯದವರೆಂದು ಹೇಳಲು ಹೊರಟ ಹಾಗೆ ಇದು.

ಸರಿಯಾದ ಕ್ರಮ ಇಷ್ಟು: ಹೇಳಿಕೆ ತೆಗೆದುಕೊಂಡು, ಊರು, ಪೋಸ್ಟು, ಠಾಣೆ, ತಂದೆ ತಾಯಿಯ ಹೆಸರು ಬರೆದು, ಅವರ ಸ್ವಂತ ಜಿಲ್ಲೆಯ ಎಸ್‌ಪಿಗೆ ಪರಿಶೀಲನೆಗೆ ಕಳಿಸುವುದು. 2025ರ ಮೇ ತಿಂಗಳ ಕೇಂದ್ರ ಗೃಹ ಸಚಿವಾಲಯದ ಸೂಚನೆಯಲ್ಲಿ ಇದಕ್ಕೆ 30 ದಿನದ ಗಡುವಿದೆ. ಊರಿನ ಠಾಣೆ ಉತ್ತರ ಕಳಿಸದೆ ಕೂತರೆ ಅನುಭವಿಸುವವನು ಹಿಡಿಸಿಕೊಂಡವನು. ಅವನ ಮನೆಯವರಿಗೆ ಅದೇ ದಿನ ಫೋನ್ ಹೋಗಿ, ಅವರು ಕಾಗದ ಹಿಡಿದು ತಮ್ಮ ಠಾಣೆಗೆ ಹೋಗಿ ನಿಂತರೆ ಒಂದು ವಾರದಲ್ಲಿ ಮುಗಿಯುವ ಕೆಲಸವಿದು. ಫೋನ್ ಕಿತ್ತಿಟ್ಟುಕೊಂಡರೆ ಅಲ್ಲಿಗೇ ನಿಂತಿತು.

ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶಿಗರೆಂದು ಹೇಳಿ ಶೆಡ್ಡುಗಳನ್ನು ಕೆಡವಿದರು. ಅಲ್ಲಿ ಅಸ್ಸಾಂ, ತ್ರಿಪುರಾದವರ ಜೊತೆ ನಮ್ಮ ಉತ್ತರ ಕರ್ನಾಟಕದಿಂದ ದುಡಿಯಲು ಬಂದವರೂ ಇದ್ದರು. ಪ್ರಕರಣ ಹೈಕೋರ್ಟಿಗೆ ಹೋಗಿ, ಪೊಲೀಸರ ಕ್ರಮವನ್ನು ಕೋರ್ಟ್ ತರಾಟೆಗೆ ತೆಗೆದುಕೊಂಡಿತು.

ನೇರಮಾತು:

ಕಲಂ_ಮೂರು ಅವರೇ, ಕಾನೂನಿನ ವಿವರ ಸರಿ ಇದೆ, ಆದರೆ ಇನ್ನೊಂದು ಮಗ್ಗುಲು ಬಿಟ್ಟಿದ್ದೀರಿ. ದಲ್ಲಾಳಿಗಳ ಜಾಲ ಇರುವುದು ಸುಳ್ಳಲ್ಲ. ಗಡಿ ದಾಟಿಸುವುದು, ಒಂದು ವಿಳಾಸ ಹೊಂದಿಸುವುದು, ಆ ವಿಳಾಸದಿಂದ ಒಂದು ಕಾರ್ಡು, ಆ ಕಾರ್ಡಿನಿಂದ ಇನ್ನೊಂದು. ಮೊದಲ ಕಾಗದ ಸುಳ್ಳಾದರೆ ಅದರ ಮೇಲೆ ಹುಟ್ಟಿದ ಎಲ್ಲವೂ ಅಸಲಿ ಮುದ್ರೆ ಹೊತ್ತ ಸುಳ್ಳೇ. ಹೊಸ ಕಾಯ್ದೆಯಲ್ಲಿ ನಕಲಿ ಪಾಸ್‌ಪೋರ್ಟ್, ವೀಸಾ, ಪ್ರಯಾಣ ದಾಖಲೆ ಬಳಸಿದವರಿಗೆ 2ರಿಂದ 7 ವರ್ಷ ಜೈಲು, 1 ಲಕ್ಷದಿಂದ 10 ಲಕ್ಷದವರೆಗೆ ದಂಡ ಇಟ್ಟಿರುವುದು ಸರಿಯಾದ ಹೆಜ್ಜೆ. ದಾಖಲೆಯಿಲ್ಲದೆ ಒಳಗೆ ಬಂದವರಿಗೆ 5 ವರ್ಷದವರೆಗೆ ಜೈಲು ಅಥವಾ 5 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ತನ್ನ ನೆಲದಲ್ಲಿ ಯಾರಿರಬೇಕು ಎಂದು ನಿರ್ಧರಿಸುವ ಹಕ್ಕು ಯಾವುದೇ ದೇಶಕ್ಕೂ ಇರಬೇಕು. ಅದಿಲ್ಲದಿದ್ದರೆ ಮೊದಲು ಹೊಡೆತ ಬೀಳುವುದು ಇಲ್ಲಿನ ಬಡ ಕೂಲಿಯವನ ದಿನಗೂಲಿಗೆ.

ಮೂರನೇ ಪ್ರಶ್ನೆ ಇದಕ್ಕೆ ಹೊಂದಿಕೊಂಡೇ ಇದೆ. ಗಡೀಪಾರು ಅಂದರೆ ರೈಲು ಹತ್ತಿಸಿ ಕಳಿಸುವುದಲ್ಲ, ಆ ಕಡೆ ಒಬ್ಬರು ನಿಂತು "ಇವನು ನಮ್ಮವನು" ಎಂದು ತೆಗೆದುಕೊಳ್ಳಬೇಕು. ಕರ್ನಾಟಕದಲ್ಲಿ ಹಿಡಿದರೆ ಠಾಣೆಯಲ್ಲಿ ಕೇಸ್, ಮ್ಯಾಜಿಸ್ಟ್ರೇಟ್, ಆಮೇಲೆ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿ, ಅಂದರೆ ಎಫ್‌ಆರ್‌ಆರ್‌ಒ. ಅಲ್ಲಿಂದ ವಿವರ ವಿದೇಶಾಂಗ ಸಚಿವಾಲಯದ ಮೂಲಕ ಬಾಂಗ್ಲಾದೇಶದ ಹೈಕಮಿಷನ್‌ಗೆ. ಅವರು ಊರಿಗೆ ಬರೆದು ವಿಚಾರಿಸಿ ಒಪ್ಪಿದರೆ ಪ್ರಯಾಣಪತ್ರ. ಆಮೇಲೆ ಪೊಲೀಸ್ ಕಾವಲಿನಲ್ಲಿ ಗಡಿಯವರೆಗೆ ಕರೆದೊಯ್ದು ಬಿಎಸ್‌ಎಫ್ ಮೂಲಕ ಬಿಜಿಬಿಗೆ ಹಸ್ತಾಂತರ. ಸಿಕ್ಕಿಬಿದ್ದವನು ಸುಳ್ಳು ವಿಳಾಸ ಕೊಟ್ಟರೆ ಹೈಕಮಿಷನ್ನಿನ ಹಂತದಲ್ಲೇ ಕಡತ ನಿಲ್ಲುತ್ತದೆ. ಅಷ್ಟು ದಿನ ಬಂಧನ ಕೇಂದ್ರದಲ್ಲಿಡಬೇಕು. ನಮ್ಮಲ್ಲಿ ನೆಲಮಂಗಲ ತಾಲ್ಲೂಕಿನ ಸೊಂಡೆಕೊಪ್ಪದಲ್ಲಿ ಅಂಥದ್ದೊಂದಿದೆ, ಅಸ್ಸಾಂನ ಗೋಲ್‌ಪಾರಾ ಜಿಲ್ಲೆಯ ಮಟಿಯಾದಲ್ಲಿರುವುದು 3,000 ಮಂದಿ ಹಿಡಿಸುವ ದೊಡ್ಡ ಕೇಂದ್ರ.

ಇಲ್ಲಿ ಒಂದು ತೊಡಕು ಬಹಳ ಜನಕ್ಕೆ ಹೊಳೆಯುವುದಿಲ್ಲ. ಕ್ರಿಮಿನಲ್ ಕೇಸ್ ಬಾಕಿ ಇರುವವರೆಗೆ ಆ ವ್ಯಕ್ತಿಯನ್ನು ದೇಶದಿಂದ ಕಳಿಸಲಾಗದು, ವಿಚಾರಣೆಗೆ ಬೇಕಲ್ಲ. ಅಂದರೆ ಉತ್ಸಾಹದಿಂದ ಹಾಕಿದ ಎಫ್‌ಐಆರ್ ಗಡೀಪಾರನ್ನು ವರ್ಷಗಟ್ಟಲೆ ಹಿಂದೆ ತಳ್ಳುತ್ತದೆ. ವೀಸಾ ಮುಗಿದ ಕೆಲವರು ಬೇಕೆಂದೇ ಸಣ್ಣ ಕೇಸಿನಲ್ಲಿ ಸಿಕ್ಕಿಕೊಂಡು ಉಳಿಯುವುದು ಇದೇ ಕಾರಣಕ್ಕೆ. ಅಕ್ರಮ ಪ್ರವೇಶ ಬಿಟ್ಟು ಬೇರೆ ಗಂಭೀರ ಅಪರಾಧ ಇಲ್ಲದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಕಾನೂನು) 360ನೇ ಕಲಂ ಅಡಿ ಸರ್ಕಾರಿ ವಕೀಲರು ಕೋರ್ಟಿನ ಒಪ್ಪಿಗೆ ಪಡೆದು ಕೇಸ್ ವಾಪಸ್ ತೆಗೆದುಕೊಂಡು, ಗಡೀಪಾರಿನ ಕಡತ ಮುಂದೆ ಸಾಗಿಸಬಹುದು.

2025ರ ಫೆಬ್ರುವರಿ 4ರಂದು ಸುಪ್ರೀಂ ಕೋರ್ಟ್ ಅಸ್ಸಾಂ ಸರ್ಕಾರವನ್ನು ಕೇಳಿದ್ದು ನೆನಪಿದೆಯೇ? ವಿದೇಶಿಯರೆಂದು ಘೋಷಣೆಯಾದ 63 ಮಂದಿಯ ವಿಳಾಸ ಗೊತ್ತಿಲ್ಲ, ಅದಕ್ಕೇ ಕಳಿಸಿಲ್ಲ ಎಂದು ಸರ್ಕಾರ ಹೇಳಿದಾಗ, ಮುಹೂರ್ತಕ್ಕೆ ಕಾಯುತ್ತಿದ್ದೀರಾ ಎಂದು ಕೋರ್ಟ್ ಪ್ರಶ್ನಿಸಿತು. ಆ ಪ್ರಶ್ನೆ ಎಲ್ಲ ರಾಜ್ಯಗಳಿಗೂ ಅನ್ವಯಿಸುತ್ತದೆ.

ಕಲಂ_ಮೂರು:

ನೇರಮಾತು ಅವರು ಹೇಳಿದ ಕ್ರಮ ಸರಿ. ನನ್ನ ಆಕ್ಷೇಪ ಆ ಕ್ರಮವನ್ನು ಬಿಟ್ಟುಹಾಕಿದ್ದಕ್ಕೆ. 2025ರ ಮೇ ತಿಂಗಳಿಂದ ನಡೆದದ್ದು ಗಡೀಪಾರಲ್ಲ, ತಳ್ಳಿಬಿಡುವುದು. ಹಿಡಿದು, ವಿಮಾನದಲ್ಲೋ ರೈಲಿನಲ್ಲೋ ಗಡಿಗೆ ಒಯ್ದು, ಹೈಕಮಿಷನ್ನಿನ ಒಪ್ಪಿಗೆ ಇಲ್ಲದೆ ರಾತ್ರಿ ಆಚೆ ದಾಟಿಸುವುದು. ಮೇ 7ರಿಂದ ಜೂನ್ 15ರ ನಡುವೆ ಹೀಗೆ 1,500ಕ್ಕೂ ಹೆಚ್ಚು ಮಂದಿ ಬಂದರೆಂದು ಬಿಜಿಬಿ ಲೆಕ್ಕ ಕೊಟ್ಟಿತು. ಅದರಲ್ಲಿ ನಮ್ಮವರೂ ಇದ್ದರು. ಮುಂಬೈ ಕಡೆ ಕೂಲಿಗೆ ಹೋಗಿದ್ದ ಬಂಗಾಳದ ಕೆಲವರನ್ನು ಜೂನ್‌ನಲ್ಲಿ ಎರಡೂ ಪಡೆಗಳ ಫ್ಲಾಗ್ ಮೀಟಿಂಗ್, ಅಂದರೆ ಗಡಿಯಲ್ಲೇ ಅಧಿಕಾರಿಗಳ ಮಾತುಕತೆ, ನಡೆಸಿ ವಾಪಸ್ ಕರೆತರಬೇಕಾಯಿತು. ದೆಹಲಿಯಲ್ಲಿ ಹಿಡಿದು ಕಳಿಸಿದ್ದ ಬೀರ್‌ಭೂಮ್ ಜಿಲ್ಲೆಯ ಗರ್ಭಿಣಿಯೊಬ್ಬಳನ್ನು ಮರಳಿ ತರುವಂತೆ ಸೆಪ್ಟೆಂಬರ್‌ನಲ್ಲಿ ಕಲ್ಕತ್ತಾ ಹೈಕೋರ್ಟ್ ಆದೇಶಿಸಿತು. ಅವಳು ಮಗನೊಂದಿಗೆ ಮರಳಿದ್ದು ಡಿಸೆಂಬರ್‌ನಲ್ಲಿ, ವಿಷಯ ಸುಪ್ರೀಂ ಕೋರ್ಟ್ ತಲುಪಿದ ಮೇಲೆ. ಅಷ್ಟು ದಿನ ಅವಳು ಆ ದೇಶಕ್ಕೆ ಅಕ್ರಮವಾಗಿ ನುಗ್ಗಿದ ಭಾರತೀಯಳೆಂದು ಅಲ್ಲಿನ ಜೈಲು ನೋಡಿದಳು.

ತಡವಾದ ಗಡೀಪಾರನ್ನು ನಾಳೆ ಮಾಡಬಹುದು. ಸ್ವಂತ ದೇಶದವಳನ್ನು ಆಚೆ ತಳ್ಳಿದ್ದನ್ನು ಕೋರ್ಟಿಗೆ ಹೋಗದೆ ಸರಿ ಮಾಡಲಾಗದು, ಕೋರ್ಟಿಗೆ ಹೋಗುವ ಶಕ್ತಿ ಇರುವ ಕೂಲಿಯವರು ಎಷ್ಟು ಮಂದಿ?

ನೇರಮಾತು:

ಇದನ್ನು ಒಪ್ಪುತ್ತೇನೆ, ಅಡ್ಡಮಾತಿಲ್ಲ. ನನ್ನ ಪಕ್ಷದ ವಾದಕ್ಕೂ ಇದರಿಂದ ನಷ್ಟವೇ. ಒಪ್ಪಿಗೆಯಿಲ್ಲದೆ ತಳ್ಳಿದವರನ್ನು ಅವರೂ ಈ ಕಡೆಗೆ ತಳ್ಳುತ್ತಾರೆ, ಮೂರನೇ ದಿನ ಅದೇ ಜನ ಅದೇ ಗಡಿಯಲ್ಲಿ. ಹಸ್ತಾಂತರದ ಕಾಗದ ಇದ್ದವನ ಬೆರಳಚ್ಚು, ವಿಳಾಸ ನಮ್ಮ ಹತ್ತಿರ ಉಳಿಯುತ್ತದೆ, ಮತ್ತೆ ಬಂದರೆ ಗೊತ್ತಾಗುತ್ತದೆ.

ಅಂಕಿಸಂಖ್ಯೆ:

ಚರ್ಚೆಯಲ್ಲಿ ಓಡಾಡುವ ಸಂಖ್ಯೆಗಳ ಬಗ್ಗೆ ಒಂದು ಎಚ್ಚರಿಕೆ. 2004ರ ಜುಲೈನಲ್ಲಿ ಗೃಹ ಖಾತೆ ರಾಜ್ಯ ಸಚಿವ ಶ್ರೀಪ್ರಕಾಶ್ ಜೈಸ್ವಾಲ್ ರಾಜ್ಯಸಭೆಯಲ್ಲಿ ಬಾಂಗ್ಲಾದಿಂದ ಅಕ್ರಮವಾಗಿ ಬಂದವರು 1.2 ಕೋಟಿ ಅಂದರು, ಆಮೇಲೆ ಆ ಲೆಕ್ಕ ನಂಬಲರ್ಹವಲ್ಲ ಎಂದು ಹಿಂದೆ ಸರಿದರು. 2016ರ ನವೆಂಬರ್‌ನಲ್ಲಿ ಕಿರಣ್ ರಿಜಿಜು ಅದೇ ಸಭೆಯಲ್ಲಿ ಸುಮಾರು 2 ಕೋಟಿ ಅಂದರು. ಜನಗಣತಿಯಲ್ಲಿ ಹಿಂದಿನ ವಾಸಸ್ಥಳ ಬಾಂಗ್ಲಾದೇಶ ಎಂದು ಬರೆಸಿದವರು 2001ರಲ್ಲಿ ಸುಮಾರು 30 ಲಕ್ಷ, 2011ರಲ್ಲಿ ಸುಮಾರು 23 ಲಕ್ಷ. ಇದರಲ್ಲಿ ದೇಶವಿಭಜನೆಯಲ್ಲಿ ಬಂದ, ಪೂರ್ತಿ ಕಾನೂನುಬದ್ಧ ನಾಗರಿಕರೂ ಸೇರಿದ್ದಾರೆ, ಅಕ್ರಮವಾಗಿ ಬಂದವರು ಗಣತಿದಾರರ ಮುಂದೆ ನಿಜ ಹೇಳುವುದೂ ಇಲ್ಲ. ಹಾಗಾಗಿ ಇದನ್ನೂ ಅಕ್ರಮ ವಲಸಿಗರ ಲೆಕ್ಕವೆಂದು ಬಳಸಬಾರದು.

ಒಬ್ಬೊಬ್ಬರ ಕಾಗದ ನೋಡಿ ಮಾಡಿದ ಒಂದೇ ದೊಡ್ಡ ಎಣಿಕೆ ಅಸ್ಸಾಂನ ಎನ್‌ಆರ್‌ಸಿ, ಅಂದರೆ ರಾಷ್ಟ್ರೀಯ ಪೌರತ್ವ ನೋಂದಣಿ. ಅರ್ಜಿ ಹಾಕಿದವರು 3,30,27,661. 2019ರ ಆಗಸ್ಟ್ 31ರ ಪಟ್ಟಿಯಲ್ಲಿ ಸೇರಿದವರು 3,11,21,004, ಹೊರಗುಳಿದವರು 19,06,657. ಆ 19 ಲಕ್ಷವನ್ನು ವಿದೇಶಿಯರ ಸಂಖ್ಯೆ ಎಂದು ಓದುವುದೂ ತಪ್ಪು. ಹಿಂದೂಗಳು, ಬುಡಕಟ್ಟಿನವರು, ಗೂರ್ಖಾಗಳು ಎಲ್ಲರೂ ಅದರಲ್ಲಿದ್ದಾರೆ. ಸಂಖ್ಯೆ ಸಾಲದು ಎಂದು ಒಂದು ಪಕ್ಷ, ಜಾಸ್ತಿಯಾಯಿತು ಎಂದು ಇನ್ನೊಂದು ಪಕ್ಷ, ಎರಡೂ ಆ ಪಟ್ಟಿಯನ್ನು ಕೈಬಿಟ್ಟವು.

ತೋಟದಮನೆ:

ಎಲ್ಲರಿಗೂ ಧನ್ಯವಾದ. ಒಂದು ಮರುಪ್ರಶ್ನೆ, ಕಲಂ_ಮೂರು ಅವರಿಗೆ. ಅಸ್ಸಾಂನಿಂದ ಬಂದವರು ಎನ್‌ಆರ್‌ಸಿಯಲ್ಲಿ ಹೆಸರಿದೆ ಎನ್ನುತ್ತಾರೆ. ಅದು ಇಲ್ಲಿ ನಡೆಯುತ್ತದೆಯೇ? ಹೆಸರು ಬಿಟ್ಟುಹೋದವರಾದರೆ? ತೋಟದ ಲೈನ್‌ಮನೆಗಳಲ್ಲಿ, ಅಂದರೆ ಆಳುಗಳ ವಸತಿ ಸಾಲಿನಲ್ಲಿ, ಇರುವವರ ವಿಷಯದಲ್ಲಿ ತೋಟದವರು ಏನೇನು ಮಾಡಿಟ್ಟುಕೊಳ್ಳಬೇಕು?

ಕಲಂ_ಮೂರು:

ಅಸ್ಸಾಂನ ಲೆಕ್ಕ ದೇಶದ ಉಳಿದ ಕಡೆಗಿಂತ ಬೇರೆ ಎಂಬುದು ಮೊದಲು ತಿಳಿದಿರಲಿ. 1985ರ ಆಗಸ್ಟ್ 15ರ ಅಸ್ಸಾಂ ಒಪ್ಪಂದದ ಪ್ರಕಾರ ಪೌರತ್ವ ಕಾಯ್ದೆಗೆ 6ಎ ಕಲಂ ಸೇರಿತು. 1966ರ ಜನವರಿ 1ಕ್ಕೆ ಮುಂಚೆ ಬಂದವರು ನಾಗರಿಕರು. ಅಲ್ಲಿಂದ 1971ರ ಮಾರ್ಚ್ 24ರವರೆಗೆ ಬಂದವರು ನೋಂದಾಯಿಸಿಕೊಳ್ಳಬೇಕು, 10 ವರ್ಷ ಮತದಾನದ ಹಕ್ಕಿಲ್ಲ. ಆಮೇಲೆ ಬಂದವರು ವಿದೇಶಿಯರು. 2024ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ 4–1 ಬಹುಮತದಲ್ಲಿ ಇದನ್ನು ಎತ್ತಿಹಿಡಿಯಿತು. ಹಾಗಾಗಿ ಅಸ್ಸಾಂನವರು ಎರಡು ಬಗೆಯ ಕಾಗದ ತೋರಿಸಬೇಕು: 1971ರ ಗಡುವಿಗೆ ಮುಂಚಿನ ಪಟ್ಟಿಯಲ್ಲಿ ಅಪ್ಪ ಅಥವಾ ಅಜ್ಜನ ಹೆಸರು, ಮತ್ತು ಆ ಅಜ್ಜನಿಗೂ ತನಗೂ ಇರುವ ಸಂಬಂಧ ತೋರಿಸುವ ಕಾಗದ. ಗಂಡಸರಿಗೆ ಎರಡನೆಯದು ಶಾಲೆಯ ದಾಖಲೆಯಿಂದಲೋ ಜಮೀನಿನಿಂದಲೋ ಸಿಗುತ್ತದೆ. ಶಾಲೆಗೆ ಹೋಗದೆ, ಹದಿನೆಂಟಕ್ಕೆ ಮುಂಚೆ ಮದುವೆಯಾದ ಹೆಣ್ಣುಮಕ್ಕಳ ಹೆಸರು ಮೊದಲ ಬಾರಿ ಮತದಾರರ ಪಟ್ಟಿಗೆ ಸೇರುವುದೇ ಗಂಡನ ಊರಿನಲ್ಲಿ, ಗಂಡನ ಹೆಸರಿನ ಜೊತೆ. ತವರಿನ ಕೊಂಡಿ ಕಾಗದದಲ್ಲಿ ಇರುವುದೇ ಇಲ್ಲ. ಅವರಿಗೆ ಗ್ರಾಮ ಪಂಚಾಯಿತಿ ಕಾರ್ಯದರ್ಶಿಯ ಪ್ರಮಾಣಪತ್ರವೊಂದೇ ಆಸರೆ. ಪರಿಶೀಲನೆಗೆ ಒಳಪಟ್ಟು ಅದನ್ನು ಒಪ್ಪಬಹುದೆಂದು 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಎನ್‌ಆರ್‌ಸಿಯ ಅಂತಿಮ ಪಟ್ಟಿಯನ್ನು ಭಾರತದ ರಿಜಿಸ್ಟ್ರಾರ್ ಜನರಲ್ ಅಧಿಸೂಚನೆ ಮೂಲಕ ಹೊರಡಿಸಲಿಲ್ಲ. ಹಾಗಾಗಿ ಹೆಸರಿದ್ದರೆ ಅದು ಒಳ್ಳೆಯ ಸುಳಿವು, ಪೂರ್ಣ ಪುರಾವೆಯಲ್ಲ. ಹೆಸರಿಲ್ಲದಿದ್ದರೆ ವಿದೇಶಿ ಎಂದೂ ಅಲ್ಲ. ಹೊರಗುಳಿದವರಿಗೆ ತಿರಸ್ಕಾರದ ಆದೇಶ ಕೈಗೆ ಬಂದ ಮೇಲೆ ಮೇಲ್ಮನವಿಗೆ 120 ದಿನ ಎಂದು ನಿಯಮ, ಆ ಆದೇಶವನ್ನೇ ಕೊಟ್ಟಿಲ್ಲ. ಅರ್ಜಿಯ ಸ್ವೀಕೃತಿ ಸಂಖ್ಯೆ 21 ಅಂಕಿಯದು, ಅದನ್ನು ಅವರು ಫೋನಿನಲ್ಲಿ ಇಟ್ಟುಕೊಂಡಿರುತ್ತಾರೆ. ವಿದೇಶಿ ಎಂದು ತೀರ್ಮಾನಿಸುವ ಅಧಿಕಾರ ಅಲ್ಲಿ ವಿದೇಶಿಯರ ನ್ಯಾಯಮಂಡಳಿಗೆ. ಆ ಮಂಡಳಿಗಳೂ ತಪ್ಪುತ್ತವೆ. ಸೇನೆಯಲ್ಲಿ 30 ವರ್ಷ ದುಡಿದು ನಿವೃತ್ತನಾದವನನ್ನೇ 2019ರ ಮೇ ತಿಂಗಳಲ್ಲಿ ವಿದೇಶಿ ಎಂದು ಘೋಷಿಸಿ ಬಂಧನ ಕೇಂದ್ರಕ್ಕೆ ಕಳಿಸಿದ್ದರು, ಹೈಕೋರ್ಟ್ ಜಾಮೀನು ಕೊಟ್ಟ ಮೇಲೆ ಹೊರಬಂದ.

ಕೂಚ್‌ಬೆಹಾರ್‌ನಿಂದ ಬಂದವರಿದ್ದರೆ ಇನ್ನೊಂದು ವಿಷಯ. 2015ರ ಜುಲೈ 31ರ ಮಧ್ಯರಾತ್ರಿ ಎರಡೂ ದೇಶಗಳು ಒಂದರೊಳಗೊಂದು ಸಿಕ್ಕಿಕೊಂಡಿದ್ದ ತುಂಡು ಪ್ರದೇಶಗಳನ್ನು ಬದಲಾಯಿಸಿಕೊಂಡವು. ನಮಗೆ ಬಂದದ್ದು 51. ಅಲ್ಲಿನ ಸುಮಾರು 14,000 ಜನ ಆ ರಾತ್ರಿಯಿಂದ ಭಾರತೀಯರು. ಅವರ ಹತ್ತಿರ 2015ಕ್ಕೆ ಮುಂಚಿನ ಭಾರತದ ಕಾಗದ ಇಲ್ಲದಿರುವುದು ಸಹಜ. ಆ ತುಂಡು ಪ್ರದೇಶಗಳಿಗೆ ಅಲ್ಲಿ ಹೇಳುವ "ಛಿಟ್‌ಮಹಲ್" ಎಂಬ ಮಾತು ಕೇಳಿದರೆ ತನಿಖಾಧಿಕಾರಿಗೆ ಇದನ್ನು ತಿಳಿಸಿ.

ತೋಟದಲ್ಲಿ ಮಾಡಬೇಕಾದದ್ದು: ಆಳು ಬಂದ ವಾರದಲ್ಲೇ ಒಂದು ಪುಸ್ತಕದಲ್ಲಿ ಹೆಸರು, ಹುಟ್ಟಿದ ವರ್ಷ, ಊರು, ಪೋಸ್ಟ್ ಆಫೀಸು, ಠಾಣೆ, ಜಿಲ್ಲೆ, ತಂದೆ ತಾಯಿ ಇಬ್ಬರ ಹೆಸರು, ಊರಿನ ಮನೆಯ ಎರಡು ಫೋನ್ ನಂಬರು, ಕರೆತಂದ ಮೇಸ್ತ್ರಿಯ ಹೆಸರು ಬರೆಸಿ. ಹೆಣ್ಣುಮಕ್ಕಳಾದರೆ ತವರಿನ ಊರನ್ನೂ ಬರೆಸಿ. ಆ ಪಟ್ಟಿಯ ಪ್ರತಿಯನ್ನು ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಮುಂದೆ ಪ್ರಶ್ನೆ ಬಂದಾಗ ಬಚ್ಚಿಟ್ಟಿದ್ದಾರೆ ಎಂಬ ಮಾತು ಬರುವುದಿಲ್ಲ, ಪರಿಶೀಲನೆಗೆ ಬೇಕಾದ ವಿಳಾಸವೂ ಪೊಲೀಸರ ಕೈಯಲ್ಲೇ ಇರುತ್ತದೆ. ಪಶ್ಚಿಮ ಬಂಗಾಳದವರಾದರೆ 2002ರ ಮತದಾರರ ಪಟ್ಟಿಯಲ್ಲಿ ತಂದೆ ತಾಯಿಯ ಹೆಸರಿರುವ ಪುಟವನ್ನು ಊರಿನಿಂದ ತರಿಸಿ ಪ್ರತಿ ಇಟ್ಟುಕೊಳ್ಳಲಿ. ಚುನಾವಣಾ ಆಯೋಗ 2025ರ ಮತದಾರರ ಪಟ್ಟಿಯ ಪರಿಷ್ಕರಣೆಯಲ್ಲಿ ಅಲ್ಲಿ ಆಧಾರವಾಗಿ ಹಿಡಿದದ್ದು ಅದನ್ನೇ.

ಪೊಲೀಸರು ಕರೆದೊಯ್ದರೆ ಮೊದಲು ಊರಿನ ಮನೆಗೆ ಫೋನ್ ಮಾಡಿ, ಆಮೇಲೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ. ಬಂಧನದಲ್ಲಿರುವವರಿಗೆ ವಕೀಲರು ಪುಕ್ಕಟೆ ಸಿಗುತ್ತಾರೆ. ಪರಿಶೀಲನೆಗೆ ಯಾವ ಜಿಲ್ಲೆಯ ಎಸ್‌ಪಿಗೆ, ಯಾವ ದಿನ ಪತ್ರ ಹೋಯಿತು ಎಂದು ಕೇಳಿ ಬರೆದಿಟ್ಟುಕೊಳ್ಳಿ, 30 ದಿನದ ಲೆಕ್ಕಕ್ಕೆ ಆ ತಾರೀಖು ಬೇಕಾಗುತ್ತದೆ.

ಇನ್ನೊಂದು. ಎಷ್ಟೋ ತೋಟಗಳಲ್ಲಿ ಆಳು ಮಧ್ಯೆ ಬಿಟ್ಟುಹೋಗದಿರಲಿ ಎಂದು ಅವರ ಅಸಲು ಕಾರ್ಡುಗಳನ್ನು ರೈಟರು (ತೋಟದ ಗುಮಾಸ್ತರು) ಆಫೀಸಿನ ಬೀರುವಿನಲ್ಲಿ ಇಟ್ಟುಕೊಳ್ಳುತ್ತಾರೆ. ಅದನ್ನು ಇವತ್ತೇ ನಿಲ್ಲಿಸಿ. ಜೀತದ ಕೇಸಿಗೆ ಅದು ಮೊದಲ ಸಾಕ್ಷಿ. ಮತ್ತೆ, ಭಾನುವಾರದ ಸಂತೆಯಲ್ಲಿ ಕಾಗದ ಕೇಳಿದಾಗ ಆ ಮನುಷ್ಯನ ಜೇಬಿನಲ್ಲಿ ಏನೂ ಇರುವುದಿಲ್ಲ. ಪ್ರತಿ ನಿಮ್ಮಲ್ಲಿರಲಿ, ಅಸಲು ಅವರ ಹತ್ತಿರವೇ ಇರಲಿ.